ಮುಚ್ಚದೆ ಉಳಿದ ಜಠರ: ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಪ್ರಕರಣ

1822ರ ಜೂನ್ 6ರಂದು ಹ್ಯೂರಾನ್ ಸರೋವರದ ಮ್ಯಾಕಿನಾ ದ್ವೀಪದಲ್ಲಿ, ಅಮೆರಿಕನ್ ಫರ್ ಕಂಪನಿಯ ಮಳಿಗೆಯೊಳಗೆ ಬಂದೂಕೊಂದು ಅಕಸ್ಮಾತ್ತಾಗಿ ಸಿಡಿಯಿತು. ಒಂದು ಗಜದಷ್ಟೇ ದೂರದಲ್ಲಿ ನಿಂತಿದ್ದವನು ಅಲೆಕ್ಸಿಸ್ ಸೇಂಟ್ ಮಾರ್ಟಿನ್. ತುಪ್ಪಳದ ವ್ಯಾಪಾರದ ದೋಣಿಗಳಲ್ಲಿ ಕೂಲಿಗೆ ಬಂದಿದ್ದ ಕೆನಡಾದ ಫ್ರೆಂಚ್ ಭಾಷಿಕ, ವಯಸ್ಸು ಇಪ್ಪತ್ತರ ಆಸುಪಾಸು. ಬಾತುಕೋಳಿ ಬೇಟೆಗೆ ತುಂಬಿದ್ದ ಸೀಸದ ಗುಂಡುಗಳು ಮತ್ತು ಮದ್ದು ಒಟ್ಟಾಗಿ ಅವನ ಎಡ ಎದೆಯ ಕೆಳಭಾಗಕ್ಕೆ ಬಡಿದವು. ದ್ವೀಪದ ಕೋಟೆಯಲ್ಲಿದ್ದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಅರ್ಧ ಗಂಟೆಯೊಳಗೆ ಬಂದರು. ಈತ ಬದುಕುತ್ತಾನೆಂದು ಅಲ್ಲಿದ್ದ ಯಾರಿಗೂ ಅನಿಸಿರಲಿಲ್ಲ.

ಆತ ಬದುಕಿದ. ಆದರೆ ಜಠರದಿಂದ ಹೊರಮೈಗೆ ನೇರವಾಗಿ ತೆರೆದುಕೊಳ್ಳುವ ಒಂದು ರಂಧ್ರ ಶಾಶ್ವತವಾಗಿ ಉಳಿಯಿತು. ಆ ರಂಧ್ರದ ಮೂಲಕ ಬ್ಯೂಮಾಂಟ್ 1825ರಿಂದ 1833ರವರೆಗೆ ಬಿಟ್ಟುಬಿಟ್ಟು ಇನ್ನೂರಕ್ಕೂ ಹೆಚ್ಚು ಪ್ರಯೋಗ ನಡೆಸಿದರು. ಪಚನದ ಬಗ್ಗೆ ಅಂದಿಗಿದ್ದ ಹಲವು ಊಹೆಗಳಿಗೆ ಇದರಿಂದ ತೆರೆಬಿತ್ತು. ಹಾಗೆಯೇ ಒಂದು ಹೊಸ ತಪ್ಪು ತಿಳಿವಳಿಕೆಯೂ ಹುಟ್ಟಿತು: ಪಚನವೆಂದರೆ ಜಠರದ ಕೆಲಸ, ಜಠರ ಖಾಲಿಯಾದರೆ ಊಟ ಅರಗಿತು ಎನ್ನುವುದು. ಪ್ರಕರಣವನ್ನು ಅಂಗ ಅಂಗವಾಗಿ ಬಿಡಿಸಿ ನೋಡಿದರೆ ಬ್ಯೂಮಾಂಟ್ ಏನನ್ನು ಸರಿಯಾಗಿ ಕಂಡರು, ಯಾವುದು ಅವರ ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ ಎಂಬುದು ತಿಳಿಯುತ್ತದೆ.

ಗಾಯದ ಅಂಗರಚನೆ

ಹೊಟ್ಟೆನೋವು ಎಂದವರು ಸಾಮಾನ್ಯವಾಗಿ ಹೊಕ್ಕುಳಿನ ಸುತ್ತ ಕೈಯಿಡುತ್ತಾರೆ. ಜಠರ ಇರುವುದು ಅದಕ್ಕಿಂತ ಬಹಳ ಮೇಲೆ, ಎಡಗಡೆ, ಹೆಚ್ಚಿನ ಭಾಗ ಪಕ್ಕೆಲುಬುಗಳ ಮರೆಯಲ್ಲಿ. ಅನ್ನನಾಳ ಎದೆಯೊಳಗೆ ಇಳಿದು, ಎದೆ ಮತ್ತು ಉದರವನ್ನು ಬೇರ್ಪಡಿಸುವ ವಪೆಯ ಒಂದು ಕಿಂಡಿಯಲ್ಲಿ ನುಸುಳಿ ಜಠರವನ್ನು ಸೇರುತ್ತದೆ. ಜಠರದ ಮೇಲಿನ ಉಬ್ಬು ಭಾಗವಾದ ಫಂಡಸ್ ಎಡ ವಪೆಯ ತಳಕ್ಕೆ ತಾಗಿಕೊಂಡಿರುತ್ತದೆ. ವಪೆಯ ಆಚೆಗೇ ಎಡ ಶ್ವಾಸಕೋಶದ ಬುಡ. ಈ ಮೂರೂ ಒತ್ತೊತ್ತಾಗಿ ಇರುವುದರಿಂದಲೇ ಎದೆಗೆ ಬಿದ್ದ ಒಂದು ಏಟು ಮೂರನ್ನೂ ಹರಿಯಿತು.

ಬ್ಯೂಮಾಂಟ್ ಬರೆದಿಟ್ಟ ವಿವರ ಹೀಗಿದೆ: ಅಂಗೈಗಿಂತ ಅಗಲಕ್ಕೆ ಚರ್ಮ, ಮಾಂಸ ಹಾರಿಹೋಗಿತ್ತು. ಆರನೆಯ ಪಕ್ಕೆಲುಬಿನ ಮುಂಭಾಗ ಚೂರಾಗಿತ್ತು, ಐದನೆಯದು ಮುರಿದಿತ್ತು. ಶ್ವಾಸಕೋಶದ ಒಂದು ತುಣುಕು ಗಾಯದಿಂದ ಹೊರಗೆ ಚಾಚಿತ್ತು. ಅದರ ಕೆಳಗೆ ಇನ್ನೊಂದು ಅಂಗ ಹೊರಬಂದಿದ್ದು, ಅದರಲ್ಲಿ ತೋರುಬೆರಳು ತೂರುವಷ್ಟು ತೂತಿತ್ತು. ಆ ತೂತಿನಿಂದ ಬೆಳಗಿನ ಊಟ ಹೊರಬರುತ್ತಿತ್ತು. ಅದು ಜಠರವೆಂದು ಖಚಿತವಾದದ್ದು ಹಾಗೆ.

ಜಠರ ಹರಿದವರು ಆ ಕಾಲದಲ್ಲಿ ಸಾಮಾನ್ಯವಾಗಿ ಸಾಯುತ್ತಿದ್ದುದು ಸೋರಿಕೆಯಿಂದ. ಆಮ್ಲ, ಆಹಾರ, ಬ್ಯಾಕ್ಟೀರಿಯಾ ಉದರದ ಒಳಪೊರೆಯಾದ ಪೆರಿಟೋನಿಯಮ್ ಮೇಲೆ ಚೆಲ್ಲಿದರೆ ಮೊದಲು ರಾಸಾಯನಿಕ ಸುಡುವಿಕೆ, ಹಿಂದೆಯೇ ಸೋಂಕು. ಪ್ರತಿಜೀವಕ ಔಷಧಗಳಿಲ್ಲದ ಕಾಲದಲ್ಲಿ ಇದರಿಂದ ಪಾರಾಗುವುದು ಅಪರೂಪ. ಸೇಂಟ್ ಮಾರ್ಟಿನ್‌ನನ್ನು ಉಳಿಸಿದ್ದು ಗಾಯ ಇದ್ದ ಜಾಗ. ಹರಿದ ಜಠರದ ಅಂಚು ಪಕ್ಕೆಲುಬುಗಳ ನಡುವಿನ ಗಾಯದ ಅಂಚಿಗೇ ಒತ್ತಿ ಕೂತಿತ್ತು; ಉರಿಯೂತದಿಂದ ಎರಡೂ ಅಂಟಿಕೊಂಡವು. ಸೋರಬೇಕಾದದ್ದು ಒಳಗೆ ಚೆಲ್ಲದೆ ಹೊರಕ್ಕೆ ದಾರಿ ಹಿಡಿಯಿತು. ಜಠರ ಹೀಗೆ ದೇಹದ ಗೋಡೆಗೆ ಅಂಟಿದ್ದೇ ಈ ಪ್ರಕರಣದ ತಿರುವು, ಬ್ಯೂಮಾಂಟ್ ಕೊಟ್ಟ ಯಾವ ಔಷಧಿಯೂ ಅಲ್ಲ.

ಮೊದಲ ಹದಿನೇಳು ದಿನ

ಹದಿನೇಳು ದಿನಗಳ ಕಾಲ ಬಾಯಿಂದ ತಿಂದದ್ದೆಲ್ಲ ಗಾಯದ ಮೂಲಕ ಹೊರಬಂತು. ಪಟ್ಟಿ ಬಿಗಿದು ರಂಧ್ರವನ್ನು ತಡೆಯುವ ಸ್ಥಿತಿ ಬರುವ ತನಕ ಗುದದ್ವಾರದ ಮೂಲಕ ಪೋಷಕ ದ್ರವಗಳನ್ನು ಕೊಡಲಾಯಿತು. ಅಂದಿನ ವೈದ್ಯರು ಇದನ್ನು ಊಟಕ್ಕೆ ಬದಲಿ ಎಂದೇ ನಂಬಿದ್ದರು.

ದೊಡ್ಡ ಕರುಳು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಇಲ್ಲಿ ಮುಖ್ಯ. ಅದು ನೀರನ್ನೂ ಸೋಡಿಯಮ್ಮನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿದಾಗ ಬರುವ ಚಿಕ್ಕ ಕೊಬ್ಬಿನಾಮ್ಲಗಳನ್ನೂ ಹೀರುತ್ತದೆ. ಆದರೆ ಪ್ರೋಟೀನನ್ನು ಒಡೆಯುವ ಕಿಣ್ವಗಳು ಅದರ ಬಳಿ ಇಲ್ಲ. ಸಣ್ಣ ಕರುಳಿನ ಒಳಮೈಯಲ್ಲಿ ದಟ್ಟವಾಗಿರುವ, ಹೀರುವ ಮೈಯನ್ನು ಹಲವು ಪಟ್ಟು ಹಿಗ್ಗಿಸುವ, ವಿಲ್ಲೈ ಎಂಬ ಬೆರಳಿನಾಕಾರದ ಪುಟ್ಟ ಚಾಚುಗಳೂ ಅಲ್ಲಿಲ್ಲ. ಹಾಗಾಗಿ ಆ ಹದಿನೇಳು ದಿನ ಅವನಿಗೆ ನಿಜವಾಗಿ ದಕ್ಕಿದ್ದು ನೀರು ಮತ್ತು ಉಪ್ಪು. ಶಕ್ತಿ ಬಂದದ್ದು ಮೈಯಲ್ಲಿದ್ದ ಕೊಬ್ಬು ಮತ್ತು ಸ್ನಾಯುಗಳು ಕರಗಿ. ಕೂಲಿ ಮಾಡಿ ಗಟ್ಟಿಯಾಗಿದ್ದ ಯುವಕನಾದ್ದರಿಂದ ತಡೆದುಕೊಂಡ ಎನ್ನುವುದು ನ್ಯಾಯವಾದ ಊಹೆ. ನೀರು ಹೋಗದೆ ಇದ್ದಿದ್ದರೆ ಮೊದಲ ವಾರವೇ ಕೊನೆಯಾಗುತ್ತಿತ್ತು.

ನಾಲ್ಕನೆಯ ವಾರದ ಹೊತ್ತಿಗೆ ಹಸಿವು ಮರಳಿತು, ಪಚನ ಸರಾಗವಾಯಿತು. ಗಾಯ ಮಾತ್ರ ಮುಚ್ಚಲಿಲ್ಲ. 1823-24ರ ಚಳಿಗಾಲದಲ್ಲಿ ಜಠರದ ಒಳಪದರದ ಒಂದು ಮಡಿಕೆ ಬೆಳೆದು ರಂಧ್ರವನ್ನು ಒಳಗಿನಿಂದ ಕದದಂತೆ ಮುಚ್ಚಿಕೊಂಡಿತು. ಅಲ್ಲಿಂದ ಮುಂದೆ ಪಟ್ಟಿಯಿಲ್ಲದೆಯೂ ಆಹಾರ ಒಳಗೇ ನಿಂತಿತು. ಬೆರಳಿಂದ ಒತ್ತಿದರೆ ಮಡಿಕೆ ಸರಿದು ಒಳಗು ಕಾಣುತ್ತಿತ್ತು. ಪ್ರಯೋಗಗಳು ಸಾಧ್ಯವಾದದ್ದು ಈ ಮಡಿಕೆಯಿಂದ. ಅದಿಲ್ಲದಿದ್ದರೆ ದಿನವೂ ಆಮ್ಲ, ನೀರು, ಲವಣ ಕಳೆದುಕೊಂಡು ಆತ ಸೊರಗಿಹೋಗುತ್ತಿದ್ದ. ಪ್ರೌಢ ವ್ಯಕ್ತಿಯ ಜಠರ ದಿನಕ್ಕೆ ಸುಮಾರು 2 ಲೀಟರ್ ರಸ ಸುರಿಸುತ್ತದೆ, ಅದು ಮತ್ತೆ ಕರುಳಿನಲ್ಲಿ ಹೀರಲ್ಪಡಬೇಕು.

ದಾರ ಕಟ್ಟಿ ಇಳಿಸಿದ ಆಹಾರ

1825ರ ಆಗಸ್ಟ್ 1ರ ಪ್ರಯೋಗ ಎಲ್ಲಕ್ಕಿಂತ ಪ್ರಸಿದ್ಧ. ಮಸಾಲೆ ಹಾಕಿ ಬೇಯಿಸಿದ ದನದ ಮಾಂಸ, ಉಪ್ಪು ಹಾಕಿದ ಹಸಿ ಹಂದಿಕೊಬ್ಬು, ಉಪ್ಪು ಹಾಕಿದ ಹಸಿ ದನದ ಮಾಂಸ, ಉಪ್ಪಲ್ಲಿಟ್ಟು ಬೇಯಿಸಿದ ದನದ ಮಾಂಸ, ಹಳೆಯ ಬ್ರೆಡ್, ಹೆಚ್ಚಿದ ಹಸಿ ಎಲೆಕೋಸು, ಇವುಗಳ ಚೂರುಗಳನ್ನು ಅಂತರ ಬಿಟ್ಟು ರೇಷ್ಮೆ ದಾರಕ್ಕೆ ಕಟ್ಟಿ, ಮಧ್ಯಾಹ್ನ 12ಕ್ಕೆ ರಂಧ್ರದ ಮೂಲಕ ಇಳಿಸಿದರು. 1 ಗಂಟೆಗೆ ಎಳೆದು ನೋಡಿದರೆ ಎಲೆಕೋಸು, ಬ್ರೆಡ್ ಅರ್ಧದಷ್ಟು ಇಲ್ಲವಾಗಿದ್ದವು. ಮಾಂಸ ಹಾಗೇ ಇತ್ತು. 2 ಗಂಟೆಗೆ ಎಲೆಕೋಸು, ಬ್ರೆಡ್, ಹಂದಿಕೊಬ್ಬು, ಉಪ್ಪಲ್ಲಿಟ್ಟು ಬೇಯಿಸಿದ ಮಾಂಸ ದಾರದಲ್ಲಿ ಇರಲೇ ಇಲ್ಲ. ಉಳಿದ ಎರಡು ಮಾಂಸಗಳು ಹೆಚ್ಚೇನೂ ಬದಲಾಗಿರಲಿಲ್ಲ.

ಈ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ಎಲೆಕೋಸಿನ ನಾರು, ಅಂದರೆ ಸೆಲ್ಯುಲೋಸ್, ಮನುಷ್ಯನ ಯಾವ ಕಿಣ್ವಕ್ಕೂ ಒಡೆಯುವುದಿಲ್ಲ. ಬ್ರೆಡ್ಡಿನ ಪಿಷ್ಟವನ್ನು ಜಠರರಸ ಒಡೆಯುವುದಿಲ್ಲ. ಅದಕ್ಕೆ ಅಮೈಲೇಸ್ ಎಂಬ ಕಿಣ್ವ ಬೇಕು, ಅದು ಇರುವುದು ಜೊಲ್ಲಿನಲ್ಲಿ ಮತ್ತು ಮೇದೋಜೀರಕ ಗ್ರಂಥಿಯ ರಸದಲ್ಲಿ. ಆಹಾರವನ್ನು ಪಕ್ಕೆಯ ರಂಧ್ರದಿಂದ ಇಳಿಸಿದ್ದರಿಂದ ಅದು ಅಗಿತವನ್ನೂ ಕಂಡಿರಲಿಲ್ಲ, ಜೊಲ್ಲನ್ನೂ ಕಂಡಿರಲಿಲ್ಲ. ಹಾಗಾದರೆ ಎರಡು ಗಂಟೆಯಲ್ಲಿ ದಾರದಿಂದ ಮಾಯವಾದದ್ದು ಹೇಗೆ? ನೆನೆದು, ಮೃದುವಾಗಿ, ಜಠರದ ಅಲೆಗಳಿಗೆ ಸಿಕ್ಕಿ ಕಳಚಿಬಿತ್ತು, ಅಷ್ಟೆ. ದಾರ ಖಾಲಿಯಾಗುವುದೂ ಆಹಾರ ಪಚನವಾಗುವುದೂ ಒಂದಲ್ಲ. ಮಾಂಸದ ವಿಷಯ ಬೇರೆ: ಅಲ್ಲಿ ಜಠರರಸದ ಪೆಪ್ಸಿನ್ ಎಂಬ ಕಿಣ್ವ ನಿಜವಾಗಿಯೂ ಪ್ರೋಟೀನಿನ ಸರಪಳಿಗಳನ್ನು ತುಂಡರಿಸುತ್ತದೆ.

ಮರುದಿನ ಸೇಂಟ್ ಮಾರ್ಟಿನ್‌ಗೆ ಹೊಟ್ಟೆಯಲ್ಲಿ ಸಂಕಟ, ವಾಕರಿಕೆ, ತಲೆನೋವು, ಸುಸ್ತು. ಬ್ಯೂಮಾಂಟ್ ಒಳಗೆ ನೋಡಿದಾಗ ಲೋಳೆಪೊರೆಯ ಮೇಲೆ ಬಿಳಿ ಚುಕ್ಕೆಗಳಿದ್ದವು. ಅವರು ಕ್ಯಾಲೊಮೆಲ್ ಎಂಬ ಪಾದರಸದ ಗುಳಿಗೆಗಳನ್ನು ರಂಧ್ರದ ಮೂಲಕವೇ ಹಾಕಿದರು. ಆ ಕಾಲದ ರೂಢಿಯ ಔಷಧಿ ಅದು. ಇಂದು ಪಾದರಸದ ವಿಷವೆಂದು ದೂರವಿಟ್ಟಿದ್ದೇವೆ.

ಇನ್ನೂ ತೂಕದ ಪ್ರಯೋಗ ಆಗಸ್ಟ್ 7ರದು. ಹದಿನೇಳು ಗಂಟೆ ಉಪವಾಸದ ನಂತರ ಜಠರದೊಳಗೆ ಉಷ್ಣಮಾಪಕ ಇಳಿಸಿದಾಗ 100 ಡಿಗ್ರಿ ಫ್ಯಾರನ್‌ಹೀಟ್ ತೋರಿತು, ಸುಮಾರು 37.8 ಡಿಗ್ರಿ ಸೆಲ್ಸಿಯಸ್. ಒಂದು ಔನ್ಸ್ ರಸ ತೆಗೆದು ಸೀಸೆಗೆ ಹಾಕಿ, ಅದರಲ್ಲಿ 12 ಗ್ರಾಂನಷ್ಟು ಬೇಯಿಸಿದ ಮಾಂಸ ಮುಳುಗಿಸಿ, ಅದೇ ಉಷ್ಣತೆಯ ನೀರಿನಲ್ಲಿಟ್ಟರು. ಅಂಥದ್ದೇ ಇನ್ನೊಂದು ತುಂಡನ್ನು ದಾರಕ್ಕೆ ಕಟ್ಟಿ ಜಠರಕ್ಕೆ ಇಳಿಸಿದರು. ಸೀಸೆಯಲ್ಲಿ ನಲವತ್ತು ನಿಮಿಷಕ್ಕೆ ಮೇಲ್ಮೈ ಕರಗತೊಡಗಿ, ಪೂರ್ತಿ ಕರಗಲು ಸುಮಾರು ಹತ್ತು ಗಂಟೆ ಹಿಡಿಯಿತು. ಜಠರದಲ್ಲಿ ಎರಡು ಗಂಟೆಗೆ ದಾರ ಖಾಲಿ.

ಪಚನವೆಂದರೆ ಕೊಳೆಯುವಿಕೆಯೋ, ಅರೆಯುವಿಕೆಯೋ, ಜೀವಶಕ್ತಿಯ ಮಹಿಮೆಯೋ ಎಂಬ ದೀರ್ಘ ವಾದಕ್ಕೆ ಆ ಸೀಸೆ ದೊಡ್ಡ ಉತ್ತರ ಕೊಟ್ಟಿತು. ದೇಹದ ಹೊರಗೂ ಕೆಲಸ ನಡೆಯಿತೆಂದರೆ ಅದು ರಾಸಾಯನಿಕ ಕ್ರಿಯೆ. ಎರಡು ಗಂಟೆಗೂ ಹತ್ತು ಗಂಟೆಗೂ ಇರುವ ಅಂತರವೂ ಅಷ್ಟೇ ಪಾಠ ಹೇಳುತ್ತದೆ. ಸೀಸೆಯಲ್ಲಿ ಹೊಸ ರಸ ಸೇರುವುದಿಲ್ಲ, ಕರಗಿದ್ದು ಆಚೆ ಹೋಗುವುದಿಲ್ಲ, ಆಮ್ಲ ಮಾಂಸದ ಜೊತೆ ಸೇರಿ ದುರ್ಬಲವಾಗುತ್ತದೆ, ಕಲಕುವಿಕೆಯೂ ಇಲ್ಲ. ಜಠರದಲ್ಲಿ ನಿಮಿಷಕ್ಕೆ ಸುಮಾರು ಮೂರರಂತೆ ಸಂಕೋಚನದ ಅಲೆಗಳು ಏಳುತ್ತವೆ. ಕೆಳಭಾಗವಾದ ಆಂಟ್ರಮ್ ಆಹಾರವನ್ನು ಸಣ್ಣ ಕರುಳಿಗೆ ತೆರೆಯುವ ಪೈಲೋರಸ್ ಬಾಗಿಲಿನ ಕಡೆ ತಳ್ಳುತ್ತದೆ. ಒಂದೆರಡು ಮಿಲಿಮೀಟರ್‌ಗಿಂತ ಚಿಕ್ಕ ಕಣಗಳು ದಾಟುತ್ತವೆ, ದಪ್ಪನೆಯವು ಹಿಂದಕ್ಕೆ ಎಸೆಯಲ್ಪಟ್ಟು ಮತ್ತೆ ಅರೆಯಲ್ಪಡುತ್ತವೆ. ಉಷ್ಣಮಾಪಕದ ತುದಿಯನ್ನು ಜಠರ ಪೈಲೋರಸ್ ಕಡೆಗೆ ಎಳೆದುಕೊಳ್ಳುವುದನ್ನು ಬ್ಯೂಮಾಂಟ್ ಗುರುತಿಸಿದ್ದರು. ಕೈಗೆ ಸಿಕ್ಕ ಆ ಎಳೆತವೇ ಆಂಟ್ರಮ್ಮಿನ ಅಲೆ.

ರಸದಲ್ಲಿ ಏನಿತ್ತು

ರಸ ತೆಗೆಯಲು ಅವರು ರಬ್ಬರ್ ನಳಿಕೆ ಬಳಸಿದರು. ಖಾಲಿ ಜಠರದಲ್ಲಿ ರಸ ನಿಂತಿರುವುದಿಲ್ಲ, ಆಹಾರ ತಾಗಿದಾಗ ಸ್ರವಿಸುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು. ತಾಗುವಿಕೆಯೇ ಕಾರಣವೆಂದು ತೀರ್ಮಾನಿಸಿದ್ದು ಮಾತ್ರ ಅರೆ ಸತ್ಯ. ಊಟ ನೋಡಿದಾಗ, ವಾಸನೆ ಬಡಿದಾಗ, ಅಗಿಯುವಾಗ ಮಿದುಳಿನಿಂದ ಜಠರಕ್ಕೆ ಬರುವ ವೇಗಸ್ ನರ ಮೊದಲೇ ಸ್ರಾವ ಶುರುಮಾಡಿಸುತ್ತದೆ. ಆಹಾರ ಬಂದ ಮೇಲೆ ಜಠರದ ಹಿಗ್ಗುವಿಕೆ ಮತ್ತು ಒಡೆದ ಪ್ರೋಟೀನಿನ ತುಣುಕುಗಳು ಗ್ಯಾಸ್ಟ್ರಿನ್ ಹಾರ್ಮೋನನ್ನು ಹೊರಡಿಸಿ ಆಮ್ಲವನ್ನು ಏರಿಸುತ್ತವೆ. ಪಕ್ಕೆಯ ರಂಧ್ರದಿಂದ ಆಹಾರ ಹಾಕುವ ಪ್ರಯೋಗದಲ್ಲಿ ಬಾಯಿಯ ಪಾತ್ರವೇ ತಪ್ಪಿಹೋಗಿತ್ತು. ಆ ಭಾಗವನ್ನು ನಾಯಿಗಳ ಮೇಲಿನ ಪ್ರಯೋಗಗಳಿಂದ ಬಿಡಿಸಿ ತೋರಿಸಿದ್ದು ಇವಾನ್ ಪಾವ್ಲೋವ್. ಪಚನದ ಮೇಲಿನ ಕೆಲಸಕ್ಕೇ ಅವರಿಗೆ 1904ರ ನೊಬೆಲ್ ಬಂದಿತು.

ಮನಸ್ಸಿನ ಪ್ರಭಾವ ಬ್ಯೂಮಾಂಟ್‌ರ ಕಣ್ಣಿಗೆ ಬಿದ್ದಿತ್ತು. ಸಿಟ್ಟು ಬಂದಾಗ ಜಠರದಲ್ಲಿ ಪಿತ್ತ ಕಾಣಿಸಿಕೊಂಡದ್ದನ್ನೂ, ಜ್ವರದಲ್ಲಿ ಹಾಗೂ ಮದ್ಯಪಾನದ ನಂತರ ಲೋಳೆಪೊರೆ ಕೆಂಪಾಗಿ ಒಣಗಿದಂತಾಗುವುದನ್ನೂ ಬರೆದಿಟ್ಟಿದ್ದಾರೆ. ಕುಡಿದವನು ತನಗೇನೂ ಆಗಿಲ್ಲ ಎನ್ನುತ್ತಿದ್ದಾಗಲೂ ಒಳಗೆ ಕೆಂಪು ಕಲೆಗಳಿದ್ದವು ಎಂಬುದು ಇಂದಿಗೂ ರೋಗಿಗಳಿಗೆ ಹೇಳಬೇಕಾದ ಮಾತು: ಲಕ್ಷಣವಿಲ್ಲವೆಂದರೆ ಹಾನಿಯಿಲ್ಲವೆಂದಲ್ಲ.

ರಸದ ಮಾದರಿಗಳನ್ನು ಅವರು ರಸಾಯನತಜ್ಞರಿಗೆ ಕಳಿಸಿದರು. ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆಯೆಂದು ವರ್ಜೀನಿಯಾದ ರಾಬ್ಲಿ ಡಂಗ್ಲಿಸನ್ ದೃಢಪಡಿಸಿದರು. ಪ್ರಾಣಿಗಳ ಜಠರದಲ್ಲಿ ಅದೇ ಆಮ್ಲವನ್ನು ವಿಲಿಯಂ ಪ್ರೌಟ್ 1824ರಲ್ಲೇ ತೋರಿಸಿದ್ದರು. ಆಮ್ಲವೊಂದರಿಂದಲೇ ಮಾಂಸ ಇಷ್ಟು ಬೇಗ ಕರಗುವುದಿಲ್ಲ, ಇನ್ನೇನೋ ಇದೆ ಎಂದು ಬ್ಯೂಮಾಂಟ್ ಊಹಿಸಿದ್ದರು. ಆ ಇನ್ನೊಂದನ್ನು 1836ರಲ್ಲಿ ಥಿಯೋಡರ್ ಶ್ವಾನ್ ಪತ್ತೆಹಚ್ಚಿ ಪೆಪ್ಸಿನ್ ಎಂದು ಕರೆದರು. ಅದು ಪೆಪ್ಸಿನೋಜೆನ್ ಎಂಬ ನಿಷ್ಕ್ರಿಯ ರೂಪದಲ್ಲಿ ಸುರಿದು, ಆಮ್ಲದಲ್ಲಿ ಚುರುಕಾಗುತ್ತದೆ. ಗ್ರಂಥಿಯೊಳಗೇ ಚುರುಕಾಗಿದ್ದರೆ ತನ್ನನ್ನು ಮಾಡಿದ ಕೋಶವನ್ನೇ ತಿಂದುಬಿಡುತ್ತಿತ್ತು.

ಸಮಯಪಟ್ಟಿ ಮತ್ತು ಅದರ ಮಿತಿ

1833ರಲ್ಲಿ ಪ್ಲಾಟ್ಸ್‌ಬರ್ಗ್‌ನಲ್ಲಿ ಅಚ್ಚಾದ ಬ್ಯೂಮಾಂಟ್‌ರ ಪುಸ್ತಕದಲ್ಲಿ ಆಹಾರಗಳ ಪಚನ ಸಮಯದ ಪಟ್ಟಿಯಿದೆ. ಬೇಯಿಸಿದ ಅಕ್ಕಿ 1 ಗಂಟೆ, ಕುದಿಸಿದ ಹಾಲು 2 ಗಂಟೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಮೂರೂವರೆ ಗಂಟೆ, ಬೇಯಿಸಿದ ಆಲೂಗಡ್ಡೆ ಮೂರೂವರೆ ಗಂಟೆ, ಹುರಿದ ಕೊಬ್ಬಿನ ಹಂದಿಮಾಂಸ 5 ಗಂಟೆ 15 ನಿಮಿಷ. ಇಂಥ ಪಟ್ಟಿಗಳು ಇಂದಿಗೂ ಬೇರೆ ಬೇರೆ ವೇಷದಲ್ಲಿ ಓಡಾಡುತ್ತಿವೆ. ಯಾವ ಆಹಾರ ಎಷ್ಟು ಹೊತ್ತಿಗೆ ಅರಗುತ್ತದೆ ಎಂಬ ಚಿತ್ರಗಳೆಲ್ಲ ಇದೇ ವಂಶದವು. ಪಟ್ಟಿಯ ಅಂಕಿಗಳಿಗಿಂತ ಅದರ ತಲೆಬರಹ ತಪ್ಪು. ಅದು ಅಳೆದದ್ದು ಒಬ್ಬ ಗಾಯಾಳುವಿನ ಜಠರದಿಂದ ಆಹಾರ ಖಾಲಿಯಾದ ಹೊತ್ತನ್ನು. ಅಕ್ಕಿಯ ಪಚನ ಒಂದು ಗಂಟೆಗೆ ಮುಗಿಯುವುದಿಲ್ಲ, ಅದರ ದೊಡ್ಡ ಭಾಗ ಅಲ್ಲಿಂದ ಶುರುವಾಗುತ್ತದೆ.

ಕೊಬ್ಬಿನ ಮಾಂಸ ಐದು ಗಂಟೆ ಏಕೆ ಕೂತಿತು? ಜಠರಕ್ಕೆ ಅದು ಕಷ್ಟವಾಯಿತೆಂದಲ್ಲ. ಪೈಲೋರಸ್ ಆಚೆಗಿರುವ ಡ್ಯುಓಡಿನಮ್, ಸಣ್ಣ ಕರುಳಿನ ಮೊದಲ ಸುಮಾರು 25 ಸೆಂಟಿಮೀಟರ್, ಬಂದದ್ದನ್ನು ಪರೀಕ್ಷಿಸುತ್ತಿರುತ್ತದೆ. ಕೊಬ್ಬು ತಾಗಿದೊಡನೆ ಕೊಲೆಸಿಸ್ಟೋಕೈನಿನ್ ಎಂಬ ಹಾರ್ಮೋನ್ ಹೊರಟು ಜಠರವನ್ನು ನಿಧಾನಗೊಳಿಸುತ್ತದೆ, ಪಿತ್ತಕೋಶವನ್ನು ಹಿಂಡುತ್ತದೆ, ಮೇದೋಜೀರಕ ಗ್ರಂಥಿಯಿಂದ ಕಿಣ್ವ ಸುರಿಸುತ್ತದೆ. ಆಮ್ಲ ತಾಗಿದರೆ ಸೆಕ್ರೆಟಿನ್ ಎಂಬ ಹಾರ್ಮೋನ್ ಹೊರಟು ಹುಳಿ ತಗ್ಗಿಸುವ ಬೈಕಾರ್ಬನೇಟ್ ತರಿಸುತ್ತದೆ. ಇಲ್ಲದಿದ್ದರೆ ಮೇದೋಜೀರಕದ ಕಿಣ್ವಗಳು ಆ ಹುಳಿಯಲ್ಲಿ ಕೆಲಸ ಮಾಡಲಾರವು. ಅಂದರೆ ಜಠರದ ಗಡಿಯಾರ ಇರುವುದು ಡ್ಯುಓಡಿನಮ್‌ನಲ್ಲಿ. ಬ್ಯೂಮಾಂಟ್ ರಂಧ್ರದ ಮೂಲಕ ಫಲಿತಾಂಶ ಕಂಡರು. ಆದೇಶ ಬರುತ್ತಿದ್ದ ಜಾಗ ಅವರಿಗೆ ಕಾಣಲಿಲ್ಲ. ಪಿತ್ತ ಕೊಬ್ಬಿನ ಮೇಲೆ ಕೆಲಸ ಮಾಡುತ್ತದೆ ಎಂಬ ಸುಳಿವು ಮಾತ್ರ ಅವರಿಗೆ ಸಿಕ್ಕಿತ್ತು.

ರಂಧ್ರಕ್ಕೆ ಕಾಣದೆ ಉಳಿದದ್ದರ ಅಳತೆ ದೊಡ್ಡದು. ಪ್ರೋಟೀನ್ ಒಡೆಯುವ ಕೆಲಸದಲ್ಲಿ ಪೆಪ್ಸಿನ್ ಪಾಲು ಚಿಕ್ಕದು, ಹೆಚ್ಚಿನದು ಟ್ರಿಪ್ಸಿನ್ ಮೊದಲಾದ ಮೇದೋಜೀರಕದ ಕಿಣ್ವಗಳದ್ದು. ಕೊಬ್ಬಿಗೆ ಪಿತ್ತಲವಣ ಮತ್ತು ಲೈಪೇಸ್ ಎಂಬ ಕಿಣ್ವ ಬೇಕು. ಸಕ್ಕರೆ, ಅಮೈನೋ ಆಮ್ಲ, ಕೊಬ್ಬಿನಾಮ್ಲಗಳ ಬಹುಪಾಲು ಹೀರಲ್ಪಡುವುದು ಸಣ್ಣ ಕರುಳಿನ ಮೇಲಿನ ಭಾಗಗಳಲ್ಲಿ. ಬಿ12 ಜೀವಸತ್ವ ಮತ್ತು ಪಿತ್ತಲವಣಗಳು ಅದರ ಕೊನೆಯ ಭಾಗವಾದ ಇಲಿಯಮ್ ತುದಿಯಲ್ಲಿ. ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನ ಸ್ವಂತ ರಸ ಎಲ್ಲ ಸೇರಿ ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಸಣ್ಣ ಕರುಳನ್ನು ಹಾಯುತ್ತದೆ. ದೊಡ್ಡ ಕರುಳಿಗೆ ತಲುಪುವುದು ಒಂದೂವರೆ ಲೀಟರ್‌ನಷ್ಟು. ಮಲದಲ್ಲಿ ಹೋಗುವುದು ನೂರಿನ್ನೂರು ಮಿಲಿಲೀಟರ್. ಜಠರವನ್ನು ಪೂರ್ತಿ ತೆಗೆದವರೂ ಚಿಕ್ಕ ಚಿಕ್ಕ ಊಟ ಮತ್ತು ಬಿ12 ಚುಚ್ಚುಮದ್ದಿನ ಆಸರೆಯಲ್ಲಿ ವರ್ಷಗಟ್ಟಲೆ ಬದುಕುತ್ತಾರೆ. ಬಿ12 ಏಕೆಂದರೆ, ಇಲಿಯಮ್ ಅದನ್ನು ಹೀರಲು ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ತಯಾರಾಗುವುದು ಜಠರದ ಗೋಡೆಯಲ್ಲಿ. ಸಣ್ಣ ಕರುಳಿಲ್ಲದೆ ಮಾತ್ರ ಬಾಯಿಂದ ಉಂಡು ಬದುಕಲಾಗದು.

ರೋಗಿಯ ಕಡೆಯಿಂದ

ಈ ಪ್ರಕರಣವನ್ನು ಬ್ಯೂಮಾಂಟ್‌ರ ಜಾಣ್ಮೆಯ ಕಥೆಯಾಗಿ ಮಾತ್ರ ಹೇಳುವುದು ಅನ್ಯಾಯ. ಆಶ್ರಯವಿಲ್ಲದ ಗಾಯಾಳುವನ್ನು ಅವರು ಮನೆಯಲ್ಲಿಟ್ಟು ಸಾಕಿದ್ದು ನಿಜ. ಆತ ಅವರ ಮನೆಯಾಳಾಗಿ ದುಡಿದದ್ದೂ ನಿಜ. ಹಸಿದಿರು ಎಂದಾಗ ಹಸಿದಿರಬೇಕು, ಮಲಗು ಎಂದಾಗ ಮಲಗಬೇಕು, ರಸ ತೆಗೆಯುವಾಗ ಜಠರದ ಬಳಿ ಎಳೆತ, ಕೆಲವೊಮ್ಮೆ ತಲೆಸುತ್ತು. 1825ರಲ್ಲಿ ಆತ ಹೇಳದೆ ಕೆನಡಾಕ್ಕೆ ಹೊರಟುಹೋದ. 1829ರಲ್ಲಿ ಹೆಂಡತಿ ಮಕ್ಕಳೊಂದಿಗೆ, ಬ್ಯೂಮಾಂಟ್ ಆಗ ಇದ್ದ ಪ್ರೇರಿ ದು ಶೀನ್ ಕೋಟೆಗೆ ಮರಳಿದ. 1832ರಲ್ಲಿ ವರ್ಷಕ್ಕೆ 150 ಡಾಲರ್ ಮತ್ತು ಊಟ ವಸತಿಯ ಕರಾರಿಗೆ, ಓದುಬರಹ ಬಾರದ ಆತ ಗುರುತು ಹಾಕಿ ಒಪ್ಪಿದ. ಗಾಯದ ಅಂಚುಗಳನ್ನು ಹೊಲಿದು ಮುಚ್ಚುವ ಶಸ್ತ್ರಕ್ರಿಯೆಗೆ ರೋಗಿ ಒಪ್ಪಲಿಲ್ಲವೆಂದು ಬ್ಯೂಮಾಂಟ್ ಬರೆದಿದ್ದಾರೆ. ಅರಿವಳಿಕೆಯೇ ಇಲ್ಲದ ಕಾಲದಲ್ಲಿ ಆ ನಿರಾಕರಣೆಯನ್ನು ಯಾರೂ ದೂರಲಾರರು. ವೈದ್ಯನೇ ಯಜಮಾನನೂ ಸಂಶೋಧಕನೂ ಆಗಿದ್ದಾಗ ರೋಗಿಯ ಒಪ್ಪಿಗೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಇಲ್ಲಿ ತೆರೆದೇ ಇದೆ. 1880ರಲ್ಲಿ ಆತ ತೀರಿಕೊಂಡಾಗ, ವೈದ್ಯರು ಜಠರಕ್ಕಾಗಿ ಬರುತ್ತಾರೆಂದು ತಿಳಿದಿದ್ದ ಮನೆಯವರು ಶವಪರೀಕ್ಷೆಗೆ ಬಿಡಲಿಲ್ಲ.

ರಂಧ್ರ ಏಕೆ ಮುಚ್ಚಲಿಲ್ಲ

ಕೊನೆಗೆ ಉಳಿಯುವುದು ಚಿಕಿತ್ಸೆಯ ಪ್ರಶ್ನೆ. ಜಠರದಿಂದ ಚರ್ಮದವರೆಗಿನ ದಾರಿ ಹಸಿ ಗಾಯವಾಗಿರುವಷ್ಟು ದಿನ ತಾನಾಗಿ ಕುಗ್ಗಿ ಮುಚ್ಚುವ ಸಾಧ್ಯತೆ ಇರುತ್ತದೆ. ಸೇಂಟ್ ಮಾರ್ಟಿನ್‌ನಲ್ಲಿ ಜಠರದ ಲೋಳೆಪೊರೆಯೇ ಹೊರಗಿನ ಚರ್ಮದ ಅಂಚಿಗೆ ಬೆಸೆದುಕೊಂಡಿತು; ದಾರಿ ಬಹಳ ಗಿಡ್ಡ, ಬಾಯಿ ಅಗಲ. ಎರಡು ಪದರಗಳು ಹಾಗೆ ಕೂಡಿದ ಮೇಲೆ ದೇಹದ ಮಟ್ಟಿಗೆ ಅಲ್ಲಿ ಗಾಯವೇ ಉಳಿದಿರುವುದಿಲ್ಲ, ಹಾಗಾಗಿ ಮುಚ್ಚುವ ಕೆಲಸವೂ ನಿಲ್ಲುತ್ತದೆ. ಪಟ್ಟಿ, ಒತ್ತಡ, ಅಂಚು ಕೆರೆಯುವ ಪ್ರಯತ್ನ ಯಾವುದೂ ಫಲಿಸದ್ದು ಇದೇ ಕಾರಣಕ್ಕೆ. ಇಂದಾದರೆ ಬೆಸೆದ ಅಂಚನ್ನು ಕತ್ತರಿಸಿ, ಜಠರವನ್ನು ಗೋಡೆಯಿಂದ ಬಿಡಿಸಿ, ಎರಡನ್ನೂ ಬೇರೆ ಬೇರೆ ಹೊಲಿಯುತ್ತಾರೆ.

ನುಂಗಲಾಗದ ರೋಗಿಗಳಿಗೆ ಇಂದು ಎಂಡೋಸ್ಕೋಪಿ ಮೂಲಕ ಕೂರಿಸುವ, ಹೊಟ್ಟೆಯ ಗೋಡೆ ದಾಟಿ ನೇರವಾಗಿ ಜಠರಕ್ಕೆ ಆಹಾರ ಕೊಡುವ ಪೆಗ್ ಟ್ಯೂಬ್ ಇದೇ ತತ್ವದ ಮೇಲೆ ನಿಂತಿದೆ: ಜಠರ ಹೊಟ್ಟೆಯ ಗೋಡೆಗೆ ಅಂಟಬೇಕು, ದಾರಿ ಒಳಕ್ಕೆ ಸೋರಬಾರದು. ಆ ಅಂಟು ಗಟ್ಟಿಯಾಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಪೋಷಣೆ ಕೆಟ್ಟವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ಅದಕ್ಕೂ ಮೊದಲೇ ಟ್ಯೂಬ್ ಕಿತ್ತುಬಂದರೆ ಜಠರ ಗೋಡೆಯಿಂದ ಸರಿದು ಪೆರಿಟೋನಿಯಮ್‌ಗೆ ಸೋರಬಹುದು. ಮನೆಯಲ್ಲಿ ಅದನ್ನು ಕುರುಡಾಗಿ ಮರಳಿ ತೂರಿಸಬಾರದು, ಅದರ ಮೂಲಕ ಏನನ್ನೂ ಕೊಡಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ದಾರಿ ಪಕ್ವವಾದ ಮೇಲೆ ಬಿದ್ದರೆ ಅಪಾಯ ಬೇರೆ ಬಗೆಯದು: ಕೆಲವೇ ಗಂಟೆಗಳಲ್ಲಿ ಅದು ಕಿರಿದಾಗತೊಡಗುತ್ತದೆ. ಆಗಲೂ ಅದೇ ದಿನ ಹೋಗಬೇಕು, ಬಿದ್ದ ಟ್ಯೂಬನ್ನು ಜೊತೆಗೆ ಒಯ್ಯಬೇಕು, ಹೊಸದನ್ನು ಕೂರಿಸಿ ತುದಿ ಜಠರದಲ್ಲೇ ಇದೆಯೆಂದು ಖಚಿತಪಡಿಸಿಕೊಂಡ ನಂತರವೇ ಆಹಾರ ಶುರುಮಾಡಬೇಕು.